ಮಾಜಿಯಕ್ಕ ಮತ್ತು ನಾಲ್ಕು ಗಂಟೆಯ ಬಸ್ಸು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನಲ್ಲಿ ಗ್ರಾಮ ಪಂಚಾಯ್ತಿಗೆ ಗೆದ್ದು ಬಂದ ಯಾವ ಹೆಂಗಸನ್ನಾದರೂ ಹಿಡಿದು 'ಮಾಜಿಯಕ್ಕ ಗೊತ್ತಾ' ಅಂತ ಕೇಳಿ ನೋಡಿ. ಮೊದಲು ನಗುತ್ತಾಳೆ, ಆಮೇಲೆ ಉತ್ತರ ಹೇಳುತ್ತಾಳೆ. ಅವರಿಗೆ ಅಪ್ಪ ಅಮ್ಮ ಇಟ್ಟ ಚಂದದ ಹೆಸರೊಂದು ಇದೆ. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆ ಕಾಫಿಗೆ ಮುಂಚೆಯೇ ಫೋನ್ ಮಾಡಿ, ನಿನಗೆ ಬೇರೆ ಕೆಲಸ ಇಲ್ಲವಾ ಮಾರಾಯ್ತಿ ಅಂತ ಶುರು ಮಾಡುತ್ತಾರೆ.

ಎನ್.ಆರ್.ಪುರದ ಕಡೆಯ ಒಂದು ಪಂಚಾಯ್ತಿಗೆ ಅವರು ಒಂದು ಅವಧಿ ಅಧ್ಯಕ್ಷರಾಗಿದ್ದವರು. ಮನೆಯವರದ್ದು ದಿನಸಿ ಅಂಗಡಿ. ಹಣೆಗೆ ತೆಳ್ಳಗೆ ವಿಭೂತಿ, ಅದರ ಕೆಳಗೆ ದೊಡ್ಡ ಕುಂಕುಮ, ಕೈಯಲ್ಲಿ ಬೇಸಿಗೆಯಲ್ಲೂ ಬಿಡದ ಕೊಡೆ. ಎರಡನೇ ಸಲ ಚುನಾವಣೆಗೆ ನಿಂತು ಸೋತರು. ಸೋತದ್ದನ್ನು ಅವರು ಹೇಳುತ್ತಿದ್ದ ರೀತಿ ನೋಡಿದರೆ ಗೆದ್ದವರಿಗೆ ಹೊಟ್ಟೆಕಿಚ್ಚಾಗಬೇಕು. ಗೆದ್ದಿದ್ದರೆ ಒಂದು ಪಂಚಾಯ್ತಿ, ಸೋತದ್ದಕ್ಕೆ ಮೂರು ತಾಲ್ಲೂಕು ಸಿಕ್ಕಿತು ಅನ್ನುತ್ತಿದ್ದರು. ಅದು ಹೌದು ಕೂಡ. ಗೆದ್ದ ಹೆಂಗಸರಿಗೆ ತರಬೇತಿ ಕೊಡುವ ಕೆಲಸಕ್ಕೆ ಅವರನ್ನು ಕರೆದರು, ಅವರು ಹಿಡಿದ ಕೆಲಸ ಬಿಡಲಿಲ್ಲ. ತಮ್ಮನ್ನು ತಾವು ಪರಿಚಯ ಮಾಡಿಕೊಳ್ಳುವಾಗ ಬರೀ 'ನಾನು ಮಾಜಿ' ಅನ್ನುತ್ತಿದ್ದರು. ಯಾರಾದರೂ ನಕ್ಕರೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು.

"ನಗಬೇಡ್ರೇ. ಮಾಜಿ ಅನ್ನೋ ಹುದ್ದೆಗೆ ಮೀಸಲಾತಿ ಬದಲಾಗಲ್ಲ, ಅವಧಿ ಮುಗಿಯಲ್ಲ, ಅವಿಶ್ವಾಸ ತರೋಕೂ ಯಾರಿಂದಲೂ ಆಗಲ್ಲ."

ನಾನು ಅವರನ್ನು ಮೊದಲು ಕಂಡದ್ದು ಕೊಪ್ಪದಲ್ಲಿ, ನಾನು ಸದಸ್ಯೆಯಾದ ಹೊಸತರಲ್ಲಿ. ನಾನು ಬಟ್ಟೆ ಹೊಲಿಯುವವಳು. ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು, ಎಲ್ಲರ ಅಳತೆಯೂ ನಿನ್ನ ಹತ್ತಿರ ಇದೆ, ನೀನೇ ನಿಲ್ಲು ಅಂತ ನಮ್ಮೂರವರು ತಮಾಷೆ ಮಾಡುತ್ತಾ ಮಾಡುತ್ತಾ ನಿಲ್ಲಿಸಿಯೇ ಬಿಟ್ಟರು. ಗೆದ್ದ ಮೇಲೆ ಎಂತ ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಹೇಳುತ್ತಾರೆ ಅಂತ ತರಬೇತಿಗೆ ಹೋದರೆ, ಬೆಳಿಗ್ಗೆಯಿಂದ ಒಬ್ಬರು ಪರದೆಯ ಮೇಲೆ ಕಾಯಿದೆಯ ಸೆಕ್ಷನ್ನು ತೋರಿಸುತ್ತಾ ಓದಿದರು. ಊಟ ಬೇರೆ ಚೆನ್ನಾಗಿತ್ತು. ಮಧ್ಯಾಹ್ನದ ಹೊತ್ತಿಗೆ ತರಬೇತಿಯ ಹಾಲಿನಲ್ಲಿದ್ದ ಜನಪ್ರತಿನಿಧಿಗಳೆಲ್ಲ ತೂಕಡಿಸುತ್ತಿದ್ದೆವು.

ಆಗ ಮಾಜಿಯಕ್ಕ ಎದ್ದರು. ಮೈಕು ಮುಟ್ಟಲಿಲ್ಲ. ಒಬ್ಬೊಬ್ಬರೇ ಎದ್ದು ಹೆಸರು, ಊರು, ನಿಮ್ಮ ವಾರ್ಡಿಗೆ ಎಂತ ಬೇಕು ಅಂತ ಹೇಳಿ ಅಂದರು. ಅಂದವರು ಅಲ್ಲಿ ನಿಲ್ಲದೆ ಹಾಲಿನ ಕೊನೆಗೆ ನಡೆದು, ಬಾಗಿಲು ದಾಟಿ, ಅಂಗಳದ ಆಚೆ ಗೇಟಿನ ಹತ್ತಿರ ಹೋಗಿ ನಿಂತರು. ಮೊದಲನೆಯವಳು ಸೆರಗು ಬಾಯಿಗೆ ಅಡ್ಡ ಹಿಡಿದು ಏನೋ ಅಂದಳು.

"ಕೇಳ್ಸಲ್ಲ," ಅಂತ ಗೇಟಿನಿಂದ ಬಂತು.

ಇನ್ನೊಂದು ಸಲ ಹೇಳಿದಳು. ಮತ್ತೆ ಕೇಳ್ಸಲ್ಲ. ಎರಡನೆಯವಳಿಗೂ ಕೇಳ್ಸಲ್ಲ, ಮೂರನೆಯವಳಿಗೂ ಕೇಳ್ಸಲ್ಲ. ನನ್ನ ಪಾಳಿ ಬಂದಾಗ ನನ್ನ ಗಂಟಲಿನಿಂದ ಹೊರಟದ್ದು ನನಗೇ ಕೇಳಲಿಲ್ಲ, ಅವರಿಗೆ ಹೇಗೆ ಕೇಳಬೇಕು. ಅವರು ಕೊಡೆ ಊರಿಕೊಂಡು ವಾಪಸು ಬಂದರು. ಬೈಯುತ್ತಾರೆ ಅಂದುಕೊಂಡೆವು. ಅವರು ಕೇಳಿದ್ದೇ ಬೇರೆ. ಮನೆಯಲ್ಲಿ ದನ ಇರುವವರು ಕೈ ಎತ್ತಿ ಅಂದರು. ಮುಕ್ಕಾಲು ಪಾಲು ಎತ್ತಿದೆವು. ಸಂಜೆ ದನ ಗುಡ್ಡದಿಂದ ಇಳಿಯದಿದ್ದರೆ ಹೇಗೆ ಕರೀತೀರಿ, ಸೆರಗು ಬಾಯಿಗೆ ಇಟ್ಟುಕೊಂಡಾ ಅಂತ ಕೇಳಿದರು. ನಾವು ಕಿಸಕ್ಕನೆ ನಕ್ಕೆವು. ನಗುವುದು ಬೇಡ, ಕರೆದು ತೋರಿಸಿ ಅಂತ ಅವರೇ ಮೊದಲು ಶುರು ಮಾಡಿದರು. ಅಂಗೈಯನ್ನು ಬಾಯಿಯ ಪಕ್ಕಕ್ಕೆ ಹಿಡಿದು 'ಗೌರೀ, ಬಾ ಬಾ' ಅಂತ ಒಂದು ಕೂಗು ಹಾಕಿದರು ನೋಡಿ, ಕಿಟಕಿಯ ಗಾಜು ಅದುರಿತು. ಪಕ್ಕದ ಆಫೀಸಿನ ಗುಮಾಸ್ತರು ಪೆನ್ನು ಹಿಡಿದುಕೊಂಡೇ ಓಡಿ ಬಂದರು. ಆಮೇಲೆ ಒಬ್ಬೊಬ್ಬಳೂ ತನ್ನ ತನ್ನ ಗಂಗೆಯನ್ನೂ ತುಂಗೆಯನ್ನೂ ಕರೆದಳು. ಹಾಲಿನಲ್ಲಿ ನಿದ್ದೆ ಅನ್ನುವುದು ಉಳಿಯಲಿಲ್ಲ.

ನಗು ನಿಂತ ಮೇಲೆ ಅವರು ಮೆಲ್ಲಗೆ ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ. "ನಿಮಗೆ ದನಿ ಇಲ್ಲ ಅಂತ ಯಾರು ಹೇಳಿದ್ದು? ಗುಡ್ಡದ ಆಚೆಗೆ ಮುಟ್ಟೋ ದನಿ ಇದೆ. ಅದನ್ನ ಪಂಚಾಯ್ತಿ ಮೆಟ್ಟಿಲ ಮೇಲೆ ಚಪ್ಪಲಿ ಜೊತೆ ಬಿಟ್ಟು ಒಳಗೆ ಹೋಗ್ತೀರಿ, ಅಷ್ಟೆ."

ಅವರು ಕಲಿಸುತ್ತಿದ್ದದ್ದು ಎಲ್ಲ ಹೀಗೇ. ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವವರು ಸಭೆಯಲ್ಲಿ ಯಾಕೆ ಗೋಡೆಗೆ ಅಂಟಿದ ಕುರ್ಚಿ ಹುಡುಕುತ್ತೀರಿ ಅಂತ ಕೇಳುತ್ತಿದ್ದರು. ನಮ್ಮ ಸಭೆಯ ಹಿಂದಿನ ದಿನ ತಪ್ಪದೆ ಅವರ ಫೋನ್ ಬರುತ್ತಿತ್ತು. ಆರೋಗ್ಯವಾ, ಮಕ್ಕಳು ಹೇಗಿದ್ದಾರೆ, ಅದೆಲ್ಲ ಇಲ್ಲ. ನಾಳೆ ಎಷ್ಟನೇ ಸಾಲು ಅಂತ ಒಂದೇ ಪ್ರಶ್ನೆ. ಮೊದಲನೇ ಸಾಲು ಅಂದರೆ ಫೋನ್ ಇಟ್ಟುಬಿಡುತ್ತಿದ್ದರು. ಶೃಂಗೇರಿಯ ಒಂದು ಕಾರ್ಯಕ್ರಮದಲ್ಲಿ ಭಾಷಣಕ್ಕೆ ಬಂದ ಒಬ್ಬ ದೊಡ್ಡವರು ಹೆಣ್ಣೆಂದರೆ ತಾಯಿ, ಹೆಣ್ಣೆಂದರೆ ದೇವತೆ ಅಂತ ಬಹಳ ಹೊತ್ತು ಹೇಳಿದರು. ಇವರು ಧನ್ಯವಾದ ಹೇಳಲು ಎದ್ದವರು, ದೇವತೆಗಳಿಗೆ ಚೆಕ್ಕಿಗೆ ಸಹಿ ಮಾಡುವ ಅಧಿಕಾರ ಇಲ್ಲ ಸಾರ್, ನಮಗೆ ಇದೆ, ಆದ್ದರಿಂದ ನಾವು ಮನುಷ್ಯರಾಗಿಯೇ ಇರುತ್ತೇವೆ ಅಂದರು. ಹಾಗಂತ ಯಾರನ್ನೂ ನೋಯಿಸಿದವರಲ್ಲ. ಆ ದೊಡ್ಡವರೇ ಆಮೇಲೆ ಇವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

ಈಗ ನಮ್ಮ ಪಂಚಾಯ್ತಿಯ ಕಥೆ. ಕೊಪ್ಪ ತಾಲ್ಲೂಕಿನ ಒಳಭಾಗದ್ದು, ಊರಿನ ಹೆಸರು ಬೇಡ. ಹೇಳಿದರೆ ನಾಳೆ ಊರವರ ಮುಖವನ್ನೇ ನಾನು ನೋಡಬೇಕು, ಅವರ ಮನೆಯ ರವಿಕೆಗಳನ್ನೇ ಹೊಲಿಯಬೇಕು. ಒಂಬತ್ತು ಜನ ಸದಸ್ಯರಲ್ಲಿ ಐದು ಜನ ನಾವು ಹೆಂಗಸರು. ಅಧ್ಯಕ್ಷರೂ ಹೆಂಗಸೇ, ಬಹಳ ಮೃದು, ಮಾತಾಡಿದರೆ ಪಕ್ಕದವರಿಗೆ ಮಾತ್ರ ಕೇಳುತ್ತಿತ್ತು. ಲೆಕ್ಕದಲ್ಲಿ ನಾವೇ ಹೆಚ್ಚು, ಆದರೆ ನಾವು ಅಂದದ್ದು ಒಂದೂ ಆಗುತ್ತಿರಲಿಲ್ಲ. ಯಾಕೆ ಅಂತ ನಮಗೆ ತಿಳಿಯುತ್ತಲೂ ಇರಲಿಲ್ಲ. ಯಾರೂ ನಮಗೆ ಎದುರು ಮಾತಾಡುತ್ತಿರಲಿಲ್ಲ, ಜಗಳ ಇಲ್ಲ, ಗದರಿಕೆ ಇಲ್ಲ. ಕಾಫಿ ಕೂಡ ಮೊದಲು ನಮಗೇ ಕೊಡುತ್ತಿದ್ದರು.

ಮಾಜಿಯಕ್ಕನ ಹತ್ತಿರ ಹೇಳಿಕೊಂಡಾಗ ಅವರು ಕೇಳಿದ್ದು ಒಂದೇ. ನಿಮ್ಮೂರಿಗೆ ಕೊನೇ ಬಸ್ಸು ಎಷ್ಟು ಹೊತ್ತಿಗೆ? ನಾಲ್ಕು ಗಂಟೆಗೆ ಅಂದೆ. ಸಭೆ ಶುರು ಆಗೋದು? ಹನ್ನೊಂದಕ್ಕೆ ಅಂತ ನೋಟೀಸಿನಲ್ಲಿ ಇರುತ್ತದೆ, ಗಂಡಸರೆಲ್ಲ ಸೊಸೈಟಿ, ಬ್ಯಾಂಕು ಅಂತ ಪೇಟೆಯ ಕೆಲಸ ಮುಗಿಸಿ ಬರುವಾಗ ಎರಡಾಗುತ್ತದೆ ಅಂದೆ. ಅವರು ಕೊಡೆಯಿಂದ ನೆಲ ಕುಟ್ಟಿ, ತಮ್ಮ ಮೊದಲ ವರ್ಷವೂ ಹೀಗೇ ಹಾಳಾಗಿ ಹೋಯಿತು ಅಂದರು. ಸಭೆಯ ನೋಟೀಸಿನ ಕೊನೆಯಲ್ಲಿ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು' ಅಂತ ಒಂದು ಸಾಲು ಇರುತ್ತದಲ್ಲ, ಊರಿಗೆ ಬೇಕಾದದ್ದೆಲ್ಲ ನಿಜವಾಗಿ ತೀರ್ಮಾನ ಆಗುವುದು ಅದರಲ್ಲಿ. ಅದು ಬರುವ ಹೊತ್ತಿಗೆ ಬಸ್ಸಿನ ಹಾರನ್ನೂ ಬರುತ್ತದೆ. ನಾವು ಐದೂ ಜನ ಚೀಲ ಎತ್ತಿಕೊಂಡು, ನೀವೆಲ್ಲ ಸೇರಿ ತೀರ್ಮಾನ ಮಾಡಿ, ನಮ್ಮದೇನೂ ಅಡ್ಡಿ ಇಲ್ಲ ಅಂತ ನಗುತ್ತಾ ಹೊರಡುತ್ತೇವೆ. ಅಧ್ಯಕ್ಷರೂ ನಮ್ಮ ಜೊತೆಗೇ. ಅಪ್ಪಣೆಯನ್ನು ಮುಂಗಡವಾಗಿ ಕೊಟ್ಟು ಅಧ್ಯಕ್ಷರು ಬಸ್ಸು ಹತ್ತಿದರೆ ಹಿಂದೆ ಉಳಿದದ್ದು ಸಭೆಯಾ, ಹರಟೆಯಾ ಅಂತ ಮಾಜಿಯಕ್ಕ ಕೇಳಿದರು. ನನಗೆ ನಗುವೂ ಬಂತು, ಮೈಯೂ ಉರಿಯಿತು.

ಆ ತಿಂಗಳ ಸಭೆ ನನಗೆ ಸುಮ್ಮನೆ ಹೋಗಿ ಬರುವಂಥದ್ದಾಗಿರಲಿಲ್ಲ. ನಮ್ಮ ವಾರ್ಡಿನ ಅಂಗನವಾಡಿ ಒಂದು ಮುಚ್ಚಿದ ಅಂಗಡಿಯ ಜಗಲಿಯಲ್ಲಿ ನಡೆಯುತ್ತಿತ್ತು. ಮಳೆ ಬಂದರೆ ತಗಡಿನ ಸದ್ದಿಗೆ ಟೀಚರ್ ಹೇಳಿದ ಹಾಡು ಮಕ್ಕಳಿಗೆ ಕೇಳುವುದಿಲ್ಲ. ಜಾಗ ಸಾಲದೆ ಅರ್ಧ ಮಕ್ಕಳು ಉಣ್ಣುವಾಗ ಉಳಿದರ್ಧ ನಿಂತು ಕಾಯುತ್ತಿದ್ದವು. ಅಂತೂ ಒಂದು ಹೊಸ ಕಟ್ಟಡ ಮಂಜೂರಾಗಿ ಬಂದಿತ್ತು, ಜಾಗ ತೋರಿಸಬೇಕಾದ್ದು ಪಂಚಾಯ್ತಿ. ನಮ್ಮಲ್ಲಿ ಶಾಲೆಯ ಪಕ್ಕ ಜಾಗ ಇತ್ತು. ಆದರೆ ಜೀಪು ಇರುವ ಒಬ್ಬ ಸದಸ್ಯರಿಗೆ ಅದು ಅವರ ಕಡೆ, ಡಾಂಬರು ರಸ್ತೆಯ ಬದಿಯಲ್ಲಿ ಆಗಬೇಕು, ಹೋಗಿಬರುವವರಿಗೆ ಕಾಣಬೇಕು ಅಂತ ಆಸೆ. ಕಟ್ಟಡ ಅಲ್ಲಿಗೆ ಹೋದರೆ ನಮ್ಮ ಜಗಲಿಯದ್ದನ್ನೂ ಅದರ ಜೊತೆಗೇ ಸೇರಿಸಿಬಿಡುತ್ತಾರೆ ಅಂತ ಟೀಚರ್ ಕಣ್ಣಲ್ಲಿ ನೀರು ಹಾಕಿಕೊಂಡು ಹೇಳಿದ್ದಳು. ಮೂರು ವರ್ಷದ ಕೂಸುಗಳು ಕಾಡುದಾರಿಯಲ್ಲಿ ಹಳ್ಳ ದಾಟಿ ಅಷ್ಟು ದೂರ ಹೋಗುವುದುಂಟಾ? ಹೋಗುವುದಿಲ್ಲ. ಅಂಗನವಾಡಿ ನಿಂತೇ ಹೋಗುತ್ತದೆ. ಅವುಗಳ ಅಮ್ಮಂದಿರು ಕೆಲಸಕ್ಕೆ ಹೋಗುವುದೂ ನಿಲ್ಲುತ್ತದೆ.

ಹಿಂದಿನ ದಿನ ಫೋನ್ ಬಂತು. ಎಷ್ಟನೇ ಸಾಲು ಅಂತ ಕೇಳಲಿಲ್ಲ. ನಾಳೆ ಬಸ್ಸು ಬಿಟ್ಟುಬಿಡಿ, ಹತ್ತಬೇಡಿ ಅಂದರು. ಐದು ಜನ ಹೆಂಗಸರು, ಆ ಕಾಡುದಾರಿ, ಬಸ್ಸು ಬಿಟ್ಟರೆ ಮನೆ ಮುಟ್ಟಿಸುವವರು ಯಾರು ಅಂತ ಕೇಳಿದೆ.

"ಅವರೇ ಮುಟ್ಟಿಸ್ತಾರೆ. ನಮ್ಮ ಕಡೆ ಗಂಡಸರು ನಮ್ಮ ಮಾತು ಕೇಳದೇ ಇರಬಹುದು ಮಾರಾಯ್ತಿ. ಆದ್ರೆ ಹೆಂಗಸರನ್ನ ದಾರೀಲಿ ಬಿಟ್ಟು ಹೋಗೋವಷ್ಟು ಕೆಟ್ಟವರಲ್ಲ. ಆ ಒಳ್ಳೇತನಾನೂ ಸ್ವಲ್ಪ ಉಪಯೋಗಿಸ್ಕೊಳ್ಳಿ."

ನಾನು ಉಳಿದ ನಾಲ್ವರಿಗೂ ಹೇಳಿದೆ. ಹೆದರಿದರು, ಆದರೆ ಬಿಡುತ್ತೇವೆ ಅಂದರು. ಮರುದಿನ ಸಭೆ ಎಂದಿನ ಹಾಗೆ ತಡವಾಗಿ ಶುರುವಾಯಿತು. ಬೀದಿದೀಪ, ಚರಂಡಿ, ನೀರಿನ ಪಂಪು ಅಂತ ನಿಧಾನಕ್ಕೆ ಸಾಗಿತು. ಅಂಗನವಾಡಿಯ ಮಾತೇ ಇಲ್ಲ. ನಾನು ಎರಡು ಸಲ ಕೇಳಿದೆ, ಎರಡು ಸಲವೂ ಅದು ಇತರೆ ವಿಷಯದಲ್ಲಿ ಇದೆ ಅಂದರು. ಅಷ್ಟರಲ್ಲಿ ದೂರದ ತಿರುವಿನಲ್ಲಿ ಹಾರನ್ನು ಕೇಳಿತು. ಜೀಪಿನ ಸದಸ್ಯರು ಬಹಳ ಪ್ರೀತಿಯಿಂದ, ಅಮ್ಮಾ ಬಸ್ಸು ಬಂತು, ಹೊರಡಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಅಂದರು. ನಾವು ಏಳಲಿಲ್ಲ. ಅವರು ನಮ್ಮ ಮುಖ ನೋಡಿದರು, ನಾವು ಗೋಡೆಯ ಮೇಲಿನ ಫೋಟೋ ನೋಡಿದೆವು.

ಬಸ್ಸು ಬಂದು ಆಫೀಸಿನ ಎದುರಿಗೇ ನಿಂತಿತು. ನಮ್ಮ ಡ್ರೈವರ್ ಒಳ್ಳೆಯವರು, ದಿನಾ ಹೋಗಿಬರುವವರನ್ನು ಬಿಟ್ಟು ಹೋಗುವ ಪೈಕಿ ಅಲ್ಲ. ಹಾರನ್ನು ಹೊಡೆದರು, ಮತ್ತೆ ಹೊಡೆದರು. ಅಧ್ಯಕ್ಷರು ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಿದ್ದರು. ಕೊನೆಗೆ ಕಂಡಕ್ಟರೇ ಇಳಿದು ಬಂದು ಸಭೆಯ ಬಾಗಿಲಲ್ಲಿ ತಲೆ ಹಾಕಿ, ಎಂತ ಅಕ್ಕ, ಬರೋದಿಲ್ವಾ ಅಂತ ಕೇಳಿದರು. ನನಗೆ ಗೇಟಿನ ಹತ್ತಿರ ಕೊಡೆ ಊರಿ ನಿಂತ ಮಾಜಿಯಕ್ಕ ನೆನಪಾದರು. ಎದ್ದು ನಿಂತೆ. ಬಾಯಿಂದ ಬಂದದ್ದು ಗುಡ್ಡದ ದನ ಕರೆಯುವ ದನಿಯೇ.

"ಬಸ್ಸು ಹೋಗ್ಲಿ. ಅಂಗನವಾಡಿ ತೀರ್ಮಾನ ಆಗದೆ ನಾವು ಏಳೋದಿಲ್ಲ."

ಕಂಡಕ್ಟರ್ ಎರಡು ಹೆಜ್ಜೆ ಹಿಂದಕ್ಕೆ ಹೋದರು. ಬಸ್ಸಿನಲ್ಲಿ ಕೂತವರಿಗೂ ಕೇಳಿತ್ತಂತೆ, ಸಂಜೆಯೊಳಗೆ ನಾಲ್ಕು ಊರಿಗೆ ಸುದ್ದಿ ಮುಟ್ಟಿತ್ತು. ಬಸ್ಸು ಹೋಯಿತು. ಅದರ ಸದ್ದು ತಿರುವಿನಲ್ಲಿ ಕರಗಿತು. ಆಮೇಲೆ ಆ ಮೃದು ಅಧ್ಯಕ್ಷರು ನನ್ನ ಕೈ ಬಿಟ್ಟು, ಇತರೆ ವಿಷಯಕ್ಕೆ ನನ್ನ ಅಪ್ಪಣೆ ಈಗ ಇದೆ, ಶುರು ಮಾಡಿ ಅಂದರು. ವಾದ ಆಯಿತು, ಜೀಪಿನವರು ರಸ್ತೆಯ ಬದಿಯ ಗುಣಗಾನ ಮಾಡಿದರು, ನಾನು ಹಳ್ಳದ ಕಥೆ ಹೇಳಿದೆ. ಕೈ ಎತ್ತಿ ಅಂದಾಗ ಐದು ಕೈ ಈ ಕಡೆ ಎದ್ದವು. ಒಂದು ಕ್ಷಣ ಬಿಟ್ಟು ಗಂಡಸರಲ್ಲಿ ಒಬ್ಬರದ್ದು ಆರನೆಯದ್ದಾಗಿ ಎದ್ದಿತು. ಶಾಲೆಯ ಪಕ್ಕದ ಜಾಗ ಅಂತ ಬರೆದರು, ನಾವು ಓದಿ ನೋಡಿ ಸಹಿ ಹಾಕಿದೆವು.

ಹೊರಗೆ ಬಂದರೆ ಇರುವುದು ಒಂದೇ ಜೀಪು. ಅದರ ಯಜಮಾನರು ಹಿಂದಿನ ಬಾಗಿಲು ತೆಗೆದು, ಹತ್ತಿ ಅಂದರು. ಮಾಜಿಯಕ್ಕ ಹೇಳಿದ್ದು ಅಕ್ಷರಶಃ ಸತ್ಯ. ಆದರೆ ಅದರ ಮುಂದಿನದ್ದನ್ನು ಅವರೂ ಯೋಚಿಸಿರಲಿಲ್ಲ. ನಮ್ಮ ಕಡೆ ಮನೆ ಬಾಗಿಲಿಗೆ ಬಂದವರನ್ನು ಕಾಫಿ ಕೊಡದೆ ಕಳಿಸುವ ಪದ್ಧತಿ ಇಲ್ಲ, ಬೇಡ ಅನ್ನುವ ಪದ್ಧತಿಯೂ ಇಲ್ಲ. ಐದು ಮನೆ, ಐದು ಕಾಫಿ. ಒಬ್ಬಳ ಮನೆಯಲ್ಲಿ ಹಲಸಿನ ಹಪ್ಪಳ, ಇನ್ನೊಬ್ಬಳ ಮನೆಯಲ್ಲಿ ಅವಲಕ್ಕಿ, ಅಧ್ಯಕ್ಷರ ಮನೆಯಲ್ಲಿ ಬಿಸಿ ಬಿಸಿ ಕಡುಬು. ಸಭೆಯಲ್ಲಿ ಸೋತವರು ಪ್ರತಿ ಮನೆಯ ಜಗಲಿಯಲ್ಲೂ ಕೂತು, ಹೌದು ಹೌದು, ಒಳ್ಳೆಯ ತೀರ್ಮಾನವೇ ಆಯಿತು ಅನ್ನಬೇಕಾಯಿತು. ನನ್ನ ಮನೆ ಕೊನೆಯದ್ದು. ಲೋಟ ನೋಡಿ ಅವರ ಮುಖ ಆದ ರೀತಿಗೆ ನನಗೆ ಪಾಪ ಅನಿಸಿತು. ಆದರೂ ಕೊಟ್ಟೆ.

ಮುಂದಿನ ತಿಂಗಳಿಂದ ಸಭೆ ಹನ್ನೊಂದು ಅಂದರೆ ಹನ್ನೊಂದಕ್ಕೇ ಶುರು. ಒತ್ತಾಯ ಮಾಡಿದವರು ಬೇರೆ ಯಾರೂ ಅಲ್ಲ, ಜೀಪಿನವರೇ. ಬಸ್ಸಿಗೆ ಮುಂಚೆ ಎಲ್ಲ ಮುಗಿಸೋಣ, ಹೆಂಗಸರಿಗೆ ತೊಂದರೆ ಆಗಬಾರದು ಅಂತ ಬಹಳ ಗಂಭೀರವಾಗಿ ಹೇಳಿದರು. ಇದನ್ನು ಫೋನಿನಲ್ಲಿ ಹೇಳಿದಾಗ ಮಾಜಿಯಕ್ಕ ನಕ್ಕ ನಗು ಪಕ್ಕದಲ್ಲಿದ್ದ ನನ್ನ ಗಂಡನಿಗೂ ಕೇಳಿತು. ಆಮೇಲೆ ಅವರು ಹೋದಲ್ಲೆಲ್ಲ ಕಾನೂನಿನ ಜೊತೆ ಈ ಐದು ಕಾಫಿಯ ಕಥೆಯನ್ನೂ ಸೇರಿಸಿ ಹೇಳಿದರು. ಶೃಂಗೇರಿಯ ಕಡೆ ಒಂದು ಪಂಚಾಯ್ತಿಯಲ್ಲಿ ಹೆಂಗಸರು ಬಸ್ಸು ಬಿಡುವ ಅಗತ್ಯವೇ ಬೀಳಲಿಲ್ಲವಂತೆ, ಚೀಲ ಕೆಳಗಿಟ್ಟು ಕೂತದ್ದನ್ನು ನೋಡಿಯೇ ಗಂಡಸರು ಇತರೆ ವಿಷಯವನ್ನು ಮೊದಲಿಗೆ ತಂದರಂತೆ.

ಹೊಸ ಕಟ್ಟಡದಲ್ಲಿ ಅಂಗನವಾಡಿ ಶುರುವಾದ ದಿನ ಅವರು ಎನ್.ಆರ್.ಪುರದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಆಮಂತ್ರಣದಲ್ಲಿ ಅವರ ಹೆಸರು ಇರಲಿಲ್ಲ, ಅದನ್ನು ಅವರು ಗಮನಿಸಿದ ಹಾಗೂ ಕಾಣಲಿಲ್ಲ. ಮಕ್ಕಳ ಸಾಲಿನಲ್ಲಿ ಕಾಲು ಚಾಚಿ ಕೂತು ಪಾಯಸ ಉಂಡರು. ಮಕ್ಕಳು ಹಾಡಲು ನಿಂತು ನಾಚಿಕೊಂಡಾಗ ಎದ್ದು ಹೋಗಿ ಗೇಟಿನ ಹತ್ತಿರ ನಿಂತು ಕೇಳ್ಸಲ್ಲ ಅಂದರು. ಆ ಚಿಳ್ಳೆಗಳು ಕಿರುಚಿದ್ದು ನೋಡಬೇಕಿತ್ತು. ಹಾಡು ಯಾವುದು ಅಂತ ಯಾರಿಗೂ ತಿಳಿಯಲಿಲ್ಲ.

ಹೋದ ತಿಂಗಳು ಅವರು ಸಾಕು ಅಂದರು. ಮಂಡಿ ನೋವು, ಬಸ್ಸಿನ ಮೆಟ್ಟಿಲು ಎತ್ತರ, ಹತ್ತಿಸಲು ಒಬ್ಬರು ಇಳಿಸಲು ಒಬ್ಬರು ಬೇಕು ಅಂದರು. ಕೊಪ್ಪದಲ್ಲಿ, ಅವತ್ತು ದನ ಕರೆದಿದ್ದ ಅದೇ ಹಾಲಿನಲ್ಲಿ ಬೀಳ್ಕೊಡುಗೆ ಆಯಿತು. ಮೂರು ತಾಲ್ಲೂಕಿನಿಂದಲೂ ಹೆಂಗಸರು ಬಂದಿದ್ದೆವು. ನನ್ನ ಅವಧಿಯೂ ಮುಗಿದಿದೆ, ಈಗ ನಾನೂ ಮಾಜಿ. ವೇದಿಕೆಯ ತುಂಬ ಭಾಷಣದವರು. ಅವರು ಒಬ್ಬರನ್ನೊಬ್ಬರು ಹೊಗಳಿ ಮುಗಿಸುವಾಗ ಹೊತ್ತು ಇಳಿಯಿತು. ಮಾಜಿಯಕ್ಕನ ಮಾತನ್ನು ಕೊನೆಗೆ ಇಟ್ಟಿದ್ದರು. ಹೊರಗೆ ಬಸ್ಸುಗಳ ಹಾರನ್ನು ಶುರುವಾಯಿತು. ದೂರದವರು ಹೊರಡಬಹುದು ಅಂತ ಮೈಕಿನಲ್ಲಿ ಹೇಳಿದರು. ಮಾಜಿಯಕ್ಕನೂ ವೇದಿಕೆಯ ಮೇಲಿನಿಂದ ಕೈಸನ್ನೆ ಮಾಡಿ, ಹೋಗಿ, ಹೊರಡಿ ಅಂದರು. ಅವರು ನಮಗೆ ಬಸ್ಸು ಹಿಡಿಯಿರಿ ಅಂದದ್ದು ಅದೇ ಮೊದಲು. ಒಬ್ಬಳೂ ಏಳಲಿಲ್ಲ. ಚೀಲಗಳನ್ನು ಕುರ್ಚಿಯ ಕೆಳಗೆ ತಳ್ಳಿ ಕೂತೆವು.

ಕೊನೆಗೆ ಅವರನ್ನು ಕರೆದರು. ಕೊಡೆ ಊರಿಕೊಂಡು ಬಂದು ಮೈಕಿನ ಮುಂದೆ ನಿಂತರು. ಸಾಲು ಸಾಲಾಗಿ ಕೂತ ನಮ್ಮನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಬಾಯಿ ತೆರೆದರು, ಮಾತು ಬರಲಿಲ್ಲ. ಇನ್ನೊಂದು ಸಲ ತೆರೆದರು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಕಣ್ಣಿನಿಂದ ನೀರು ಇಳಿಯಿತು. ಅವರ ದನಿ ಹೋದರೆ ನಾವು ಯಾರ ದನಿ ಕೇಳಬೇಕು ಅನಿಸಿತು. ವೇದಿಕೆಯವರು ನೀರಿನ ಬಾಟಲಿ ಹುಡುಕುತ್ತಿದ್ದರು.

ಆಗ ಕೊನೆಯ ಸಾಲಿನಿಂದ ಒಂದು ಕೂಗು ಬಂತು. ತಿರುಗಿ ನೋಡಿದರೆ ನಮ್ಮ ಅಧ್ಯಕ್ಷರಾಗಿದ್ದ ಆ ಮೃದು ಹೆಂಗಸು. ಎದ್ದು ನಿಂತು, ಅಂಗೈಯನ್ನು ಬಾಯಿಯ ಪಕ್ಕಕ್ಕೆ ಹಿಡಿದಿದ್ದರು.

"ಅಕ್ಕಾ, ಕೇಳ್ಸಲ್ಲ."

ಆಮೇಲೆ ಆ ಮೂಲೆಯಿಂದ ಕೇಳ್ಸಲ್ಲ, ಈ ಮೂಲೆಯಿಂದ ಕೇಳ್ಸಲ್ಲ, ನಾನೂ ಎದ್ದು ಕೇಳ್ಸಲ್ಲ ಅಂದೆ. ಮೂರು ತಾಲ್ಲೂಕು ಒಟ್ಟಿಗೆ ಕೂಗಿತು. ಮಾಜಿಯಕ್ಕ ಅಳುತ್ತಿದ್ದವರು ನಗಲು ಶುರು ಮಾಡಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ಮೈಕನ್ನು ಕೊಡೆಯ ತುದಿಯಿಂದ ಆಚೆ ಸರಿಸಿದರು. ಹೊರಗೆ ಕೊನೆಯ ಬಸ್ಸೂ ಹೊರಟ ಸದ್ದು ಕೇಳಿತು.

"ಬಸ್ಸು ಹೋಯ್ತಲ್ಲ, ಇನ್ನೆಂತ ಅವಸರ," ಅಂದರು, ಗೇಟಿನ ಆಚೆಗೂ ಕೇಳುವ ಹಾಗೆ. "ಕೂತ್ಕೊಳ್ಳಿ. ಈಗ ಸಭೆ ಶುರು ಮಾಡೋಣ."

ನಾವು ಕೂತೆವು.